ಪರದೇಶದ ವಿಮಾನವನ್ನು ನಮ್ಮವರು ತಪಾಸಣೆ ಮಾಡಬಹುದೇ?

ಓದುಗರ ಪ್ರಶ್ನೆ: ಬೆಂಗಳೂರಿಗೆ ಬಂದಿಳಿಯುವ ವಿದೇಶಿ ವಿಮಾನದ ಸುರಕ್ಷತೆಯನ್ನು ನಮ್ಮ ಅಧಿಕಾರಿಗಳು ಪರೀಕ್ಷಿಸಬಹುದೇ, ಅಥವಾ ಅದು ಆಯಾ ದೇಶದ ಹೊಣೆಯೇ?

ಎರಡೂ ಹೌದು. ವಿಮಾನ ನೋಂದಣಿಯಾದ ದೇಶವೇ ಅದರ ಹಾರಾಟಯೋಗ್ಯತೆಗೆ ಹೊಣೆ. ಹಾಗಿದ್ದರೂ, ಭಾರತವೂ ಸೇರಿರುವ, ಅಂತರರಾಷ್ಟ್ರೀಯ ವಿಮಾನಯಾನದ ನಿಯಮಗಳ 1944ರ ಷಿಕಾಗೊ ಒಪ್ಪಂದದ 16ನೇ ವಿಧಿಯ ಪ್ರಕಾರ, ಬಂದಿಳಿದ ವಿದೇಶಿ ವಿಮಾನವನ್ನು ಶೋಧಿಸುವ, ಕಾಗದಪತ್ರ ಕೇಳುವ ಹಕ್ಕು ಪ್ರತಿ ದೇಶಕ್ಕೂ ಇದೆ. ವಿನಾಕಾರಣ ತಡ ಮಾಡಬಾರದು, ಅಷ್ಟೆ. ನಮ್ಮಲ್ಲಿ ಈ ಕೆಲಸ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ್ದು (ಡಿಜಿಸಿಎ).

ಇದಕ್ಕೆ ರ‍್ಯಾಂಪ್ ತಪಾಸಣೆ ಎನ್ನುತ್ತಾರೆ. ಒಂದು ತಂಡದ ಪ್ರಯಾಣಿಕರು ಇಳಿದು ಮುಂದಿನವರು ಹತ್ತುವ ನಡುವಿನ ಸಮಯದಲ್ಲೇ ಅದು ಮುಗಿಯಬೇಕು. ಪೈಲಟ್‌ಗಳ ಪರವಾನಗಿ, ವೈದ್ಯಕೀಯ ಪ್ರಮಾಣಪತ್ರ, ಟೈರಿನ ಸವೆತ, ಎಣ್ಣೆ ಸೋರಿಕೆ, ಅಗ್ನಿಶಾಮಕ ಸಿಲಿಂಡರ್, ಲೈಫ್ ಜಾಕೆಟ್, ಸರಕನ್ನು ಬಿಗಿದು ಕಟ್ಟಿರುವ ರೀತಿ ಎಲ್ಲವನ್ನೂ ನೋಡುತ್ತಾರೆ. ಎಂಜಿನ್ ಬಿಚ್ಚುವುದಿಲ್ಲ. ಕಣ್ಣಿಗೆ ಕಂಡದ್ದಷ್ಟೇ ಲೆಕ್ಕ. ಹಾಗೆಂದು ಇದನ್ನು ಶಾಸ್ತ್ರಕ್ಕೆ ಮಾಡುವ ಕೆಲಸ ಎನ್ನಲಾಗದು: ಟೈರನ್ನೇ ಸರಿಯಾಗಿ ನೋಡಿಕೊಳ್ಳದ ಕಂಪನಿ ಒಳಗಿನ ಯಂತ್ರವನ್ನು ಹೇಗೆ ನೋಡಿಕೊಂಡೀತು? ದೋಷ ಗಂಭೀರವಾಗಿದ್ದರೆ ದುರಸ್ತಿಯಾಗುವ ತನಕ ವಿಮಾನ ಹೊರಡುವಂತಿಲ್ಲ.

ನನ್ನ ತಕರಾರು ಬೇರೆ. ತಪಾಸಣೆಯಲ್ಲಿ ಕಂಡದ್ದು ಟಿಕೆಟ್ ಕೊಳ್ಳುವವರಿಗೆ ತಿಳಿಯಬೇಕಲ್ಲವೇ? ಈಜಿಪ್ಟಿನ ಫ್ಲಾಶ್ ಏರ್‌ಲೈನ್ಸ್ ವಿಮಾನಗಳಲ್ಲಿ ದೋಷ ಕಂಡ ಸ್ವಿಟ್ಜರ್ಲೆಂಡ್ 2002ರಲ್ಲೇ ಅವಕ್ಕೆ ತನ್ನಲ್ಲಿ ಪ್ರವೇಶ ನಿಷೇಧಿಸಿತ್ತು. ಪಕ್ಕದ ಫ್ರಾನ್ಸಿನ ಪ್ರವಾಸಿಗರಿಗೆ ಅದರ ಸುಳಿವೇ ಇರಲಿಲ್ಲ. 2004ರ ಜನವರಿ 3ರಂದು ಆ ಕಂಪನಿಯ ವಿಮಾನ ಶರ್ಮ್ ಎಲ್ ಶೇಖ್‌ನಿಂದ ಹೊರಟ ಕೆಲವೇ ನಿಮಿಷಗಳಲ್ಲಿ ಕೆಂಪು ಸಮುದ್ರಕ್ಕೆ ಬಿದ್ದು 148 ಜನ ಸತ್ತರು, ಹೆಚ್ಚಿನವರು ಫ್ರೆಂಚರು. ಸ್ವಿಸ್ ತಪಾಸಕರು ಕಂಡ ದೋಷಗಳೇ ಅಪಘಾತಕ್ಕೆ ಕಾರಣವೆಂದು ಸಾಬೀತಾಗಲಿಲ್ಲ. ಆದರೂ, ಗೊತ್ತಿದ್ದೂ ಹೇಳಲಿಲ್ಲವೇಕೆ ಎಂಬ ಪ್ರಶ್ನೆ ಸರ್ಕಾರಗಳನ್ನು ಬಿಡಲಿಲ್ಲ. 2006ರ ಮಾರ್ಚ್‌ನಲ್ಲಿ ಐರೋಪ್ಯ ಒಕ್ಕೂಟ ನಿಷೇಧಿತ ವಿಮಾನ ಕಂಪನಿಗಳ ಮೊದಲ ಪಟ್ಟಿಯನ್ನು ಬಹಿರಂಗವಾಗಿ ಪ್ರಕಟಿಸಿತು.

ಆ ಪಟ್ಟಿಯನ್ನು ಇಂದಿಗೂ ಪರಿಷ್ಕರಿಸುತ್ತಿರುತ್ತಾರೆ. ಅಂತರ್ಜಾಲದಲ್ಲಿ ಯಾರು ಬೇಕಾದರೂ ನೋಡಬಹುದು. ಹುಡುಕುವಾಗ ಒಂದು ಎಚ್ಚರ ಇರಲಿ: ಟಿಕೆಟ್ ಮಾರುವ ಕಂಪನಿ ಒಂದು, ವಿಮಾನ ಹಾರಿಸುವ ಕಂಪನಿ ಇನ್ನೊಂದು ಆಗಿರಬಹುದು. ಹಾರಿಸುವವರ ಹೆಸರು ಟಿಕೆಟ್‌ನಲ್ಲಿ ಸಣ್ಣ ಅಕ್ಷರದಲ್ಲಿರುತ್ತದೆ. ಪಟ್ಟಿಯಲ್ಲಿ ಹುಡುಕಬೇಕಾದದ್ದು ಆ ಹೆಸರನ್ನು.