ಸ್ಕೂಟರಿಗೆ ಇರುವ ಸೈಲೆನ್ಸರ್ ಜೆಟ್ ವಿಮಾನಕ್ಕೆ ಏಕಿಲ್ಲ?

ಓದುಗರ ಪ್ರಶ್ನೆ: ನೂರು ಸಿಸಿಯ ಸ್ಕೂಟರಿಗೂ ಸೈಲೆನ್ಸರ್ ಇದ್ದೇ ಇರುತ್ತದೆ. ತಲೆಯ ಮೇಲೆ ಹಾರಿ ಕಿಟಕಿಯ ಗಾಜು ಅದುರಿಸುವ ಜೆಟ್ ವಿಮಾನಕ್ಕೆ ಮಾತ್ರ ಅದನ್ನು ಏಕೆ ಅಳವಡಿಸುವುದಿಲ್ಲ?

ಈ ಪ್ರಶ್ನೆಗೆ ನಾನು ಉತ್ತರ ಬರೆಯುತ್ತಿರುವುದು ಮೊದಲ ಸಲವಲ್ಲ. ಯಲಹಂಕದಲ್ಲಿ ಏರೋ ಇಂಡಿಯಾ ನಡೆದ ವರ್ಷವಂತೂ ಪ್ರಶ್ನೆಯ ಬೆನ್ನಿಗೇ ಸಲಹೆಗಳೂ ಬರುತ್ತವೆ: ಎಂಜಿನ್ನಿನ ಹಿಂದೆ ದಪ್ಪನೆಯ ಕೊಳವೆ ಜೋಡಿಸಿ, ಒಳಗೆ ಗಾಜಿನ ನಾರು ತುಂಬಿಸಿ, ಹೀಗೆ. ಉತ್ತರವನ್ನು ಒಂದೇ ಮಾತಿನಲ್ಲಿ ಹೇಳಿಬಿಡಬಹುದು. ಸೈಲೆನ್ಸರ್ ತಡೆಯುವುದು ಕೊಳವೆಯೊಳಗೆ ಹುಟ್ಟಿದ ಸದ್ದನ್ನು. ಯುದ್ಧವಿಮಾನದ ಗರ್ಜನೆಯ ಬಹುಪಾಲು ಹುಟ್ಟುವುದು ಅನಿಲ ಕೊಳವೆಯಿಂದ ಹೊರಬಿದ್ದ ಮೇಲೆ, ಬಯಲಿನಲ್ಲಿ.

ಸ್ಕೂಟರಿನ ಎಂಜಿನ್ನಿನಲ್ಲಿ ನಿಷ್ಕಾಸ ಕವಾಟ ತೆರೆದಾಗಲೆಲ್ಲ ಒತ್ತಡದ ಒಂದೊಂದು ಬಡಿತ ಕೊಳವೆಗೆ ನುಗ್ಗುತ್ತದೆ. ಆ ಬಡಿತವನ್ನು ಸಣ್ಣ ದೊಡ್ಡ ಕೋಣೆಗಳಲ್ಲಿ ಹಿಂದಕ್ಕೆ ಪ್ರತಿಫಲಿಸಿ ಅಡಗಿಸುವುದು ಸೈಲೆನ್ಸರಿನ ಕೆಲಸ. ಈ ವಿದ್ಯೆಯಲ್ಲಿ ನಾವೇನೂ ಹಿಂದುಳಿದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊಫೆಸರ್ ಎಂ. ಎಲ್. ಮುಂಜಾಲ್ ಅವರು ಈ ವಿಷಯದಲ್ಲಿ ನಡೆಸಿದ ಸಂಶೋಧನೆಗೆ ಜಗತ್ತಿನೆಲ್ಲೆಡೆ ಮನ್ನಣೆಯಿದೆ. ಆದರೆ ಜೆಟ್ ಎಂಜಿನ್ನಿನಿಂದ ಅನಿಲ ಬಡಿತವಾಗಿ ಬರುವುದಿಲ್ಲ, ಒಂದೇ ಸಮನೆ ಧಾರೆಯಾಗಿ ಬರುತ್ತದೆ. ವೇಗದ ಈ ಧಾರೆ ಹೊರಗಿನ ನಿಂತ ಗಾಳಿಯನ್ನು ಉಜ್ಜಿಕೊಂಡು ಹೋಗುವಾಗ ಅಂಚಿನಲ್ಲಿ ಸುಳಿಗಳೇಳುತ್ತವೆ. ಅವು ಬೆಳೆದು, ಒಂದನ್ನೊಂದು ನುಂಗಿ, ಒಡೆಯುವ ಗದ್ದಲವೇ ನಮ್ಮ ಕಿವಿಗೆ ಬೀಳುವ ಗರ್ಜನೆ.

ಇಲ್ಲಿಗೆ ಬರುತ್ತಿದ್ದಂತೆ ಓದುಗರು ತಲೆಯಾಡಿಸುತ್ತಾರೆ, ಮರುದಿನವೇ ‘ಒಳಗೆ ಅಷ್ಟು ಬೆಂಕಿ ಉರಿಯುತ್ತದಲ್ಲ, ಸದ್ದು ಅದರದ್ದೇ ತಾನೇ?’ ಎಂದು ಬರೆಯುತ್ತಾರೆ. ಈ ನಂಬಿಕೆಯ ಬೇರು ಎಷ್ಟು ಆಳಕ್ಕಿದೆಯೋ ಕಾಣೆ. ಪಂಕ್ಚರ್ ಅಂಗಡಿಯಲ್ಲಿ ಟ್ಯೂಬಿನ ಪಿನ್ ಒತ್ತಿದಾಗ ಬರುವ ‘ಬುಸ್’ ಸದ್ದಿಗೆ ಯಾವ ಬೆಂಕಿ ಕಾರಣ? ಜೆಟ್‌ನ ಸದ್ದನ್ನು ಅಳೆಯುವ ಪ್ರಯೋಗಾಲಯಗಳಲ್ಲಿ ನಡೆಯುವುದೂ ತತ್ತ್ವತಃ ಇದೇ. ಅಲ್ಲಿ ಎಂಜಿನ್ ಇರುವುದೇ ಇಲ್ಲ. ಟ್ಯಾಂಕಿನಲ್ಲಿ ಒತ್ತಿ ತುಂಬಿದ, ತೇವ ತೆಗೆದ ತಣ್ಣನೆಯ ಗಾಳಿಯನ್ನು ಕೆಲವೇ ಸೆಂಟಿಮೀಟರ್ ಅಗಲದ ನಳಿಕೆಯಿಂದ ಬಿಡುತ್ತಾರೆ. ಸುತ್ತಲಿನ ಗೋಡೆ, ಸೂರು, ನೆಲಗಳಿಗೆಲ್ಲ ಸದ್ದು ಹೀರುವ ಬೆಣೆಯಾಕಾರದ ದಿಂಬುಗಳನ್ನು ಹೊದಿಸಿರುವುದರಿಂದ ಪ್ರತಿಧ್ವನಿಯ ಕಾಟವಿಲ್ಲ. ನಳಿಕೆಯನ್ನು ಕೇಂದ್ರವಾಗಿಟ್ಟು ಕಮಾನಿನಂತೆ ಸಾಲಾಗಿ ಮೈಕುಗಳು. ಬೆಂಕಿಯಿಲ್ಲ, ತಿರುಗುವ ಒಂದು ಚಕ್ರವೂ ಇಲ್ಲ, ಆದರೂ ಜೆಟ್‌ನ ಸದ್ದು ಅದೇ.

ಸೈಲೆನ್ಸರ್ ಪಕ್ಷದವರು ವಿಶೇಷವಾಗಿ ಗಮನಿಸಬೇಕಾದ ಸಂಗತಿಯೊಂದಿದೆ. ಇಂಥ ಪ್ರಯೋಗಾಲಯಗಳಲ್ಲಿ ಸೈಲೆನ್ಸರ್ ಇರುತ್ತದೆ! ಗಾಳಿಯ ಕವಾಟ ಮತ್ತು ಪೈಪುಗಳು ಮಾಡುವ ಸದ್ದು ಅಳತೆಯನ್ನು ಕೆಡಿಸಬಾರದೆಂದು ನಳಿಕೆಗಿಂತ ಮೊದಲೇ ಅದನ್ನು ಕೂರಿಸಿರುತ್ತಾರೆ. ಒಳಗಿನಿಂದ ಬರಬಹುದಾದ ಸದ್ದನ್ನೆಲ್ಲ ಹೀಗೆ ಅಡಗಿಸಿದ ಮೇಲೂ ಉಳಿಯುವುದೇ ಜೆಟ್‌ನ ಸದ್ದು. ಇನ್ನು ಬೆಂಕಿಯ ಮಾತು. 1977ರಲ್ಲಿ ಟನ್ನಾ ಎಂಬ ಸಂಶೋಧಕರು ಪ್ರಕಟಿಸಿದ ಅಳತೆಗಳ ಪ್ರಕಾರ, ಧಾರೆಯ ವೇಗ ಹೊರಗಿನ ಶಬ್ದವೇಗದ ಸುಮಾರು 0.7ರಷ್ಟನ್ನು ಮೀರಿದ್ದರೆ, ವೇಗವನ್ನು ಹಾಗೆಯೇ ಇಟ್ಟು ಧಾರೆಯನ್ನು ಬಿಸಿ ಮಾಡಿದಾಗ ಸದ್ದು ತುಸು ತಗ್ಗುತ್ತದೆ. ಬೆಂಕಿ ಸದ್ದನ್ನು ಹೆಚ್ಚಿಸುವುದು ಧಾರೆಗೆ ವೇಗ ಕೊಡುವ ಮೂಲಕ. ತಪ್ಪಿತಸ್ಥ ವೇಗವೇ ಹೊರತು ಜ್ವಾಲೆಯಲ್ಲ.

ಆ ವೇಗದ ಲೆಕ್ಕವನ್ನು ಮ್ಯಾಂಚೆಸ್ಟರಿನ ಗಣಿತಜ್ಞ ಜೇಮ್ಸ್ ಲೈಟ್‌ಹಿಲ್ 1952ರಲ್ಲೇ ಹಾಕಿಕೊಟ್ಟರು. ಜೆಟ್‌ನ ಶಬ್ದಶಕ್ತಿ ಧಾರೆಯ ವೇಗದ ಎಂಟನೆಯ ಘಾತಕ್ಕೆ ಅನುಗುಣವಾಗಿ ಏರುತ್ತದೆ. ಇದು ಎಷ್ಟು ದೊಡ್ಡ ಮಾತೆಂಬುದು ಲೆಕ್ಕ ಮಾಡಿದರೆ ತಿಳಿಯುತ್ತದೆ. ವೇಗವನ್ನು ಅರ್ಧಕ್ಕೆ ಇಳಿಸಿದರೆ ಸದ್ದು 256ರಲ್ಲಿ ಒಂದು ಪಾಲಾಗುತ್ತದೆ. ಆದರೆ ವಿಮಾನವನ್ನು ತಳ್ಳುವ ಬಲವೂ ಕಾಲುಭಾಗಕ್ಕೆ ಕುಸಿಯುತ್ತದೆ. ಅದನ್ನು ಮರಳಿ ಪಡೆಯಲು ಧಾರೆಯ ವಿಸ್ತೀರ್ಣವನ್ನು ನಾಲ್ಕು ಪಟ್ಟು ಮಾಡಬೇಕು, ಅದರಿಂದ ಸದ್ದೂ ನಾಲ್ಕು ಪಟ್ಟು. ಕೂಡಿ ಕಳೆದರೆ ಅಷ್ಟೇ ಬಲಕ್ಕೆ 64ರಲ್ಲಿ ಒಂದು ಪಾಲು ಸದ್ದು, ಅಂದರೆ 18 ಡೆಸಿಬೆಲ್ ಇಳಿಕೆ. ಜೆಟ್ ವಿಮಾನಕ್ಕೆ ನಿಜವಾದ ಸೈಲೆನ್ಸರ್ ಎಂದು ಏನಾದರೂ ಇದ್ದರೆ ಅದು ಈ ಲೆಕ್ಕವೇ. ಇಂದಿನ ಪ್ರಯಾಣಿಕ ವಿಮಾನದ ಎಂಜಿನ್ ಮುಂದಿನಿಂದ ಅಷ್ಟು ದಪ್ಪಗೆ ಕಾಣುವುದು, ಹೆಚ್ಚು ಗಾಳಿಯನ್ನು ನಿಧಾನವಾಗಿ ತಳ್ಳುವುದಕ್ಕಾಗಿ. ಏರ್‌ಬಸ್ ಎ320 ನಿಯೋಗೆ ಜೋಡಿಸುವ ಪ್ರ್ಯಾಟ್ ಆಂಡ್ ವಿಟ್ನಿ ಎಂಜಿನ್ನಿನಲ್ಲಿ ಒಳಗೆ ಹೋಗಿ ಉರಿಯುವ ಗಾಳಿಯ ಸುಮಾರು 12 ಪಟ್ಟು ಗಾಳಿ ಹೊರಸುತ್ತಿನಿಂದಲೇ ಸಾಗಿಬಿಡುತ್ತದೆ. ನಮ್ಮ ಯುದ್ಧವಿಮಾನ ತೇಜಸ್‌ನ ಎಫ್404 ಎಂಜಿನ್ನಿನಲ್ಲಿ ಈ ಪ್ರಮಾಣ ಸುಮಾರು 0.3 ಮಾತ್ರ. ತೆಳ್ಳಗಿರಬೇಕು, ಶಬ್ದವೇಗ ಮೀರಬೇಕು ಎಂದಮೇಲೆ ಅದು ಗರ್ಜಿಸದೆ ವಿಧಿಯಿಲ್ಲ.

ಹೊರಗಿನ ಧಾರೆಯನ್ನೇ ಮುಚ್ಚಿಬಿಡೋಣ ಎನ್ನುವವರಿಗೂ ಒಂದು ಮಾತು. ಗುಡುಗಿನಂಥ ಕೆಳಸ್ತರದ ಸದ್ದು ಹುಟ್ಟುವುದು ನಳಿಕೆಯ ಬಾಯಲ್ಲಲ್ಲ. ಅದರ ವ್ಯಾಸದ ಹಲವು ಪಟ್ಟು ಹಿಂದೆ. ಒಂದು ಮೀಟರ್ ನಳಿಕೆಗೆ ಎಷ್ಟೋ ಮೀಟರ್ ಉದ್ದದ, ಕಾದ ಅನಿಲವನ್ನು ತಾಳುವ ಕೊಳವೆಯನ್ನು ಹೊತ್ತು ಹಾರಬೇಕಾದೀತು. ನೆಲದ ಮೇಲೆ ಯುದ್ಧವಿಮಾನದ ಎಂಜಿನ್ನನ್ನು ಪರೀಕ್ಷಿಸಲು ಇಂಥ ಸದ್ದಡಗಿಸುವ ಶೆಡ್ಡುಗಳು ಇವೆ. ಅವು ಕಟ್ಟಡಗಳು, ಬಿಡಿಭಾಗಗಳಲ್ಲ. ನ್ಯಾಯವಾಗಿ ಹೇಳಬೇಕೆಂದರೆ, ಪ್ರಯಾಣಿಕ ವಿಮಾನದ ಎಂಜಿನ್ನಿನ ಒಳಗೋಡೆಗೆ ರಂಧ್ರವಿರುವ ಜೇನುಗೂಡಿನಂಥ ಪದರವನ್ನು ಹೊದಿಸಿರುತ್ತಾರೆ. ಅದು ಹೀರುವುದು ಮುಂದಿನ ಫ್ಯಾನಿನ ಸದ್ದನ್ನು, ಜೆಟ್‌ನದ್ದನ್ನಲ್ಲ. ಬೋಯಿಂಗ್ 787ರ ಎಂಜಿನ್ನಿನ ಹಿಂದಿನ ಅಂಚಿನಲ್ಲಿ ಗರಗಸದಂಥ ಹಲ್ಲುಗಳನ್ನು ನೋಡಿರುತ್ತೀರಿ. ಅವು ಎಂಜಿನ್ನಿನ ಧಾರೆಯನ್ನು ಹೊರಗಿನ ಗಾಳಿಯೊಡನೆ ಬೇಗ ಬೆರೆಸಿ ಕೆಳಸ್ತರದ ಸದ್ದನ್ನು ತಗ್ಗಿಸುತ್ತವೆ, ಪ್ರತಿಯಾಗಿ ಮೇಲ್ಸ್ತರದ ಸದ್ದನ್ನು ಒಂದಿಷ್ಟು ಹೆಚ್ಚಿಸುತ್ತವೆ, ನೂಕುಬಲದಲ್ಲೂ ಚೂರು ಕಸಿದುಕೊಳ್ಳುತ್ತವೆ.

ಯಾರೂ ಕೇಳದ ಇನ್ನೊಂದು ಪ್ರಶ್ನೆ ನನಗೆ ಇದಕ್ಕಿಂತ ಸ್ವಾರಸ್ಯಕರವಾಗಿ ಕಾಣುತ್ತದೆ. ಜೆಟ್ ವಿಮಾನ ನೆತ್ತಿಯನ್ನು ದಾಟಿ ಹೋದ ಮೇಲೆಯೇ ಗುಡುಗು ಜೋರಾಗುತ್ತದೆ, ಏಕೆ? ಸದ್ದು ತಡವಾಗಿ ತಲುಪುತ್ತದೆ ಎಂಬುದು ಅರ್ಧ ಉತ್ತರ. ಸಾವಿರ ಮೀಟರ್ ಎತ್ತರದಿಂದ ಸದ್ದು ಇಳಿಯಲು ಮೂರು ಸೆಕೆಂಡು ಬೇಕು. ಸೆಕೆಂಡಿಗೆ 80 ಮೀಟರ್ ಸಾಗುವ ವಿಮಾನ ಅಷ್ಟರಲ್ಲಿ 240 ಮೀಟರ್ ಮಾತ್ರ ಮುಂದೆ ಹೋಗಿರುತ್ತದೆ. ಉಳಿದ ಅರ್ಧವನ್ನು ಪ್ರಯೋಗಾಲಯದ ಕಮಾನಿನ ಮೈಕುಗಳು ತೋರಿಸಿಕೊಡುತ್ತವೆ. ಸುಳಿಗಳು ಧಾರೆಯೊಡನೆ ಓಡುತ್ತಲೇ ಸದ್ದು ಮಾಡುವುದರಿಂದ ಅದು ಎಲ್ಲ ದಿಕ್ಕಿಗೂ ಸಮನಾಗಿ ಹರಡದೆ ಹಿಂದಕ್ಕೆ ವಾಲುತ್ತದೆ. ಧಾರೆಯ ನಡುಗೆರೆಗೆ ಸುಮಾರು 30 ಡಿಗ್ರಿ ಓರೆಯಲ್ಲಿರುವ ಮೈಕು ಅತಿ ಹೆಚ್ಚಿನ ಸದ್ದನ್ನು ದಾಖಲಿಸುತ್ತದೆ. ವಿಮಾನ ದಾಟಿದ ಮೇಲೆ ನೀವು ನಿಂತಿರುವುದು ಆ ಮೈಕಿನ ಜಾಗದಲ್ಲಿ. ಹಾಗೆಂದು ಧಾರೆಯ ನೇರಕ್ಕೆ ಇನ್ನೂ ಜೋರಾಗಿರಬೇಕೆಂದು ಊಹಿಸಬೇಡಿ. ಬಿಸಿಯಾಗಿ ಓಡುವ ಧಾರೆ ತನ್ನೊಳಗಿನ ಸದ್ದನ್ನು ಪಕ್ಕಕ್ಕೆ ಬಾಗಿಸುವುದರಿಂದ ನಟ್ಟ ನಡುವೆ, ಎಂಜಿನ್ನಿನ ಬೆನ್ನಿಗೇ, ಸದ್ದು ಮತ್ತೆ ತಗ್ಗುತ್ತದೆ.