ಕಂದು ಕೊಬ್ಬಿನಿಂದ ಪ್ರಿಯಾನ್‌ವರೆಗೆ: ಪ್ರೂಸಿನರ್ ಬಗ್ಗೆ ಒಂದು ಟಿಪ್ಪಣಿ

ಧಾರವಾಡದ ಸಪ್ತಾಪುರದ ಒಂದು ರೂಮಿನಲ್ಲಿ ನಾವು ನಾಲ್ಕು ಜನ ಸೇರಿ ಜೀವರಸಾಯನ ಓದುತ್ತೇವೆ. ಈ ಸಲ ಪ್ರಿಯಾನ್ ಪಾಠ ನನ್ನ ಪಾಲಿಗೆ ಬಂತು. ಪ್ರಿಯಾನ್ ಅಂದರೆ ಆಕಾರ ಕೆಟ್ಟು ಸೋಂಕಿನ ಹಾಗೆ ಹಬ್ಬುವ ಪ್ರೋಟೀನ್. ನಾವು ಬರೆದುಕೊಂಡಿದ್ದ ನೋಟ್ಸಿನಲ್ಲಿ ಇದ್ದದ್ದು ಒಂದೇ ಸಾಲು: ಸ್ಟ್ಯಾನ್ಲಿ ಪ್ರೂಸಿನರ್, 1982ರಲ್ಲಿ ಪ್ರಿಯಾನ್, 1997ರಲ್ಲಿ ನೊಬೆಲ್. ಆ ಸಾಲಿನ ಹಿಂದೆ ಹೋದರೆ ಮೈಟೊಕಾಂಡ್ರಿಯಾ (ಕೋಶದೊಳಗೆ ಶಕ್ತಿ ತಯಾರಿಸುವ ಭಾಗ) ಪಾಠಕ್ಕೂ ಪ್ರಿಯಾನ್ ಪಾಠಕ್ಕೂ ನಂಟು ಕಾಣುತ್ತದೆ.

ಪ್ರೂಸಿನರ್ ಅಮೆರಿಕದ ನರರೋಗ ವೈದ್ಯ. ಮೆಡಿಕಲ್ ಓದುವಾಗ ಅವರು ಮೊದಲು ಹಿಡಿದದ್ದು ಮಿದುಳನ್ನಲ್ಲ, ಹ್ಯಾಮ್‌ಸ್ಟರ್‌ಗಳ ಕಂದು ಕೊಬ್ಬನ್ನು. ಹ್ಯಾಮ್‌ಸ್ಟರ್ ಅಂದರೆ ಇಲಿಯಂಥ ಸಣ್ಣ ಪ್ರಾಣಿ. ಚಳಿಗಾಲದಲ್ಲಿ ಅದರ ಮೈ ತಣ್ಣಗಾಗಿ ಗಾಢ ನಿದ್ದೆ ಬರುತ್ತದೆ. ಏಳುವಾಗ ಮೈ ಬಿಸಿ ಮಾಡುವುದು ಈ ಕಂದು ಕೊಬ್ಬು. ಅದರ ಬಣ್ಣಕ್ಕೆ ಮುಖ್ಯ ಕಾರಣ ಒಳಗೆ ಕಿಕ್ಕಿರಿದಿರುವ ಮೈಟೊಕಾಂಡ್ರಿಯಾ. ಬೇರೆ ಕೋಶಗಳಲ್ಲಿ ಮೈಟೊಕಾಂಡ್ರಿಯಾ ಪ್ರೋಟಾನುಗಳನ್ನು (ಧನ ವಿದ್ಯುದಂಶದ ಸಣ್ಣ ಕಣಗಳನ್ನು) ಒಳಪೊರೆಯ ಆಚೆ ದಬ್ಬುತ್ತದೆ. ಅವು ವಾಪಸ್ ಬರುವ ರಭಸದಲ್ಲಿ ಎಟಿಪಿ, ಅಂದರೆ ಕೋಶ ಬಳಸುವ ಶಕ್ತಿಯ ಅಣು, ತಯಾರಾಗುತ್ತದೆ. ಕಂದು ಕೊಬ್ಬಿನಲ್ಲಿ ಪ್ರೋಟಾನುಗಳಿಗೆ ಇನ್ನೊಂದು ದಾರಿ ಇದೆ. ಆ ದಾರಿಯಲ್ಲಿ ಬಂದರೆ ಎಟಿಪಿ ಆಗುವುದಿಲ್ಲ, ಶಕ್ತಿ ಶಾಖವಾಗಿ ಹೊರಬೀಳುತ್ತದೆ.

ಇದೇ ಕೆಲಸಕ್ಕೆ ಅವರು ಸ್ಟಾಕ್‌ಹೋಮ್‌ಗೂ ಹೋಗಿದ್ದರು. ಆಮೇಲೆ ಅಮೆರಿಕದ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್‌ನಲ್ಲಿ ಇ. ಕೋಲಿ ಅನ್ನುವ ಬ್ಯಾಕ್ಟೀರಿಯಾದ ಒಂದು ಕಿಣ್ವದ ಮೇಲೆ ಕೆಲಸ. ಕಿಣ್ವವೂ ಒಂದು ಪ್ರೋಟೀನ್. ಪ್ರೋಟೀನನ್ನು ಕಲಬೆರಕೆಯಿಂದ ಬೇರ್ಪಡಿಸಿ ಶುದ್ಧ ಮಾಡುವುದನ್ನು ಅಲ್ಲಿ ಕಲಿತರು. ನನ್ನ ಪ್ರಕಾರ ಮುಂದಿನ ನೊಬೆಲ್‌ಗೆ ಬುನಾದಿ ಬಿದ್ದದ್ದು ಇಲ್ಲೇ.

1972ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನರರೋಗ ವಿಭಾಗದಲ್ಲಿದ್ದಾಗ ಒಬ್ಬ ಹೆಣ್ಣುಮಗಳು ದಾಖಲಾದರು. ನೆನಪು ಹೋಗುತ್ತಿತ್ತು, ದಿನನಿತ್ಯದ ಕೆಲಸವೂ ಆಗುತ್ತಿರಲಿಲ್ಲ. ಕಾಯಿಲೆ ಕ್ರಾಯ್ಟ್ಸ್‌ಫೆಲ್ಟ್-ಯಾಕೋಬ್, ಮಿದುಳನ್ನು ಹಾಳು ಮಾಡುವಂಥದ್ದು. ಸೋಂಕು ಅನ್ನುತ್ತಿದ್ದರು, ಆದರೆ ಮೈ ಅದರ ವಿರುದ್ಧ ಏನೂ ಹೋರಾಡುತ್ತಿರಲಿಲ್ಲ. ಪ್ರೂಸಿನರ್‌ಗೆ ಆ ಪ್ರಶ್ನೆ ಹತ್ತಿಕೊಂಡಿತು.

ಅದೇ ಗುಂಪಿನ ಕಾಯಿಲೆ ಕುರಿಗಳ ಸ್ಕ್ರೇಪಿ. ಕುರಿ ಗೋಡೆಗೆ ಮೈ ಉಜ್ಜಿ ಉಜ್ಜಿ ಉಣ್ಣೆ ಕಿತ್ತುಕೊಳ್ಳುತ್ತದೆ. ಇಷ್ಟು ಹೇಳುವಷ್ಟರಲ್ಲಿ ಹಾವೇರಿ ಕಡೆಯ ನಮ್ಮ ಗೆಳೆಯ, “ನಮ್ಮ ಕುರೀನೂ ಕಂಬಕ್ಕ ಮೈ ತಿಕ್ಕತಾವಲ್ಲೋ?” ಅಂತ ಗಾಬರಿಯಾದ. ಉಣ್ಣಿ ಹುಳ, ಹೇನು, ಕಜ್ಜಿ ಇದ್ದರೂ ಕುರಿ ಮೈ ತಿಕ್ಕುತ್ತದೆ. ಸ್ಕ್ರೇಪಿಯಲ್ಲಿ ಕಾಲು ತಡವರಿಸುತ್ತವೆ, ಮಿದುಳಿನ ತುಂಬ ಸಣ್ಣ ಸಣ್ಣ ತೂತು ಬೀಳುತ್ತವೆ.

ಸ್ಕ್ರೇಪಿಯ ಕಾರಣವನ್ನು ಶುದ್ಧ ಮಾಡುವುದು ಯಾಕೆ ಕಷ್ಟ? ಪ್ರತಿ ಹಂತದಲ್ಲೂ ಸೋಂಕು ಎಷ್ಟು ಉಳಿದಿದೆ ಅಂತ ಅಳೆಯಬೇಕು, ಅದಕ್ಕೆ ಸ್ಯಾಂಪಲನ್ನು ಪ್ರಾಣಿಗಳಿಗೆ ಚುಚ್ಚಿ ಕಾಯಿಲೆ ಬರುವವರೆಗೆ ಕಾಯಬೇಕು. ಒಂದು ಸ್ಯಾಂಪಲ್‌ಗೆ 60 ಇಲಿ, ಸುಮಾರು ಒಂದು ವರ್ಷ ಕಾಯುವಿಕೆ! ಪ್ರೂಸಿನರ್ ಹ್ಯಾಮ್‌ಸ್ಟರ್‌ಗೆ ಬದಲಾಯಿಸಿದರು. 4 ಪ್ರಾಣಿ, ಸುಮಾರು 70 ದಿನ, ಉತ್ತರ ಕೈಯಲ್ಲಿ. ವಿದ್ಯಾರ್ಥಿಯಾಗಿದ್ದಾಗಿನ ಅದೇ ಪ್ರಾಣಿ ಮತ್ತೆ ಬಂತು ನೋಡಿ.

ಶುದ್ಧ ಮಾಡುತ್ತಾ ಹೋದಂತೆ ಪ್ರೋಟೀನ್ ಸಿಕ್ಕಿತು. ಡಿಎನ್‌ಎ, ಆರ್‌ಎನ್‌ಎ ಹಾಳು ಮಾಡಿದರೂ ಸೋಂಕು ಹೋಗಲಿಲ್ಲ, ಪ್ರೋಟೀನ್ ಹಾಳು ಮಾಡಿದರೆ ಕಡಿಮೆಯಾಯಿತು. ಪ್ರೋಟೀನ್ ಮತ್ತು ಸೋಂಕು ಅನ್ನುವ ಅರ್ಥದ ಇಂಗ್ಲಿಷ್ ಪದಗಳನ್ನು ಬೆಸೆದು 1982ರಲ್ಲಿ ‘ಪ್ರಿಯಾನ್’ ಅಂತ ಹೆಸರಿಟ್ಟರು. ಬರೀ ಪ್ರೋಟೀನ್ ಸೋಂಕು ತರುತ್ತದೆ ಅಂದರೆ ತುಂಬ ಜನ ನಂಬಲಿಲ್ಲ. ಆದರೆ 1985ರಲ್ಲಿ ಆ ಪ್ರೋಟೀನಿನ ಜೀನ್ ಆರೋಗ್ಯವಂತ ಪ್ರಾಣಿಗಳಲ್ಲೂ ಇದೆ ಅಂತ ಗೊತ್ತಾಯಿತು. 1993ರಲ್ಲಿ ಚಾರ್ಲ್ಸ್ ವೈಸ್‌ಮನ್ ಅವರ ತಂಡ ಆ ಜೀನ್ ತೆಗೆದ ಇಲಿಗಳಿಗೆ ಸ್ಕ್ರೇಪಿ ಹತ್ತುವುದಿಲ್ಲ ಅಂತ ತೋರಿಸಿತು.

ಪ್ರೋಟೀನ್ ಕೆಡುವುದನ್ನು ನಾನು ಇಳಕಲ್ ಸೀರೆಯಿಂದ ತೋರಿಸಿದೆ. ಒಮ್ಮೆ ಸುರುಳಿ ಸುತ್ತಿದೆ, ಒಮ್ಮೆ ನೆರಿಗೆ ಹಿಡಿದೆ. ನೂಲು ಅದೇ, ಉದ್ದ ಅದೇ, ಆಕಾರ ಮಾತ್ರ ಬೇರೆ. ಒಳ್ಳೆಯ ಪ್ರಿಯಾನ್ ಪ್ರೋಟೀನಿನಲ್ಲಿ ಸುರುಳಿ ಜಾಸ್ತಿ, ಕೆಟ್ಟದ್ದರಲ್ಲಿ ನೆರಿಗೆ ಜಾಸ್ತಿ. ಕೆಟ್ಟದ್ದು ಒಳ್ಳೆಯದನ್ನು ಮುಟ್ಟಿ ತನ್ನ ಹಾಗೆ ಮಾಡುತ್ತದೆ, ಹಾಲಿಗೆ ಹೆಪ್ಪು ಹಾಕಿದ ಹಾಗೆ. ಒಂದು ವ್ಯತ್ಯಾಸ ನೆನಪಿಡಿ: ಹೆಪ್ಪಿನಲ್ಲಿ ಜೀವ ಇರುವ ಬ್ಯಾಕ್ಟೀರಿಯಾ ಇರುತ್ತವೆ, ಕುದಿಸಿದರೆ ಸಾಯುತ್ತವೆ. ಪ್ರಿಯಾನ್‌ಗೆ ಜೀವವೇ ಇಲ್ಲ, ಸುಮ್ನೆ ಕುದಿಸಿದರೆ ಅದು ಹೋಗುವುದಿಲ್ಲ.

ಇನ್ನು ನರಕೋಶ ಸಾಯುವುದು ಹೇಗೆ? ಇಲ್ಲಿ ಮೈಟೊಕಾಂಡ್ರಿಯಾ ಮತ್ತೆ ಬರುತ್ತದೆ. ಮಿದುಳು ಮೈತೂಕದ ಶೇ. 2 ಮಾತ್ರ, ತಿನ್ನುವ ಶಕ್ತಿ ಸುಮಾರು ಶೇ. 20. ಪ್ರಿಯಾನ್ ಹತ್ತಿದ ಪ್ರಾಣಿಗಳ ನರಕೋಶಗಳಲ್ಲಿ ಮೈಟೊಕಾಂಡ್ರಿಯಾ ಕೆಟ್ಟಿರುವುದು ಕಂಡಿದೆ. ಆದರೆ ಅದನ್ನೇ ಮೊದಲ ಕಾರಣ ಅಂತ ಬರೆಯಬೇಡಿ. ಜಿಯೊವಾನ್ನಾ ಮಲ್ಲೂಚಿ ಅವರ ತಂಡ 2003ರಲ್ಲಿ ಸೋಂಕು ಹತ್ತಿದ ಮೇಲೆ ಇಲಿಗಳ ನರಕೋಶಗಳಿಂದ ಪ್ರಿಯಾನ್ ಜೀನ್ ತೆಗೆಯಿತು. ಅಕ್ಕಪಕ್ಕದಲ್ಲಿ ನರಕೋಶಗಳಿಗೆ ಆಸರೆಯಾಗಿರುವ ಗ್ಲಿಯಾ ಕೋಶಗಳಲ್ಲಿ ಕೆಟ್ಟ ಪ್ರೋಟೀನ್ ಸೇರಿಕೊಳ್ಳುತ್ತಲೇ ಇತ್ತು. ಆದರೂ ಆಗಲೇ ಶುರುವಾಗಿದ್ದ ತೂತುಗಳು ಮುಚ್ಚಿಕೊಂಡವು, ಇಲಿಗಳು ಕಾಯಿಲೆ ಬೀಳಲಿಲ್ಲ. ಅಂದರೆ ಪೆಟ್ಟು ಶುರುವಾಗುವುದು ನರಕೋಶದ ಒಳಗೇ ಪ್ರೋಟೀನ್ ಕೆಡುವುದರಿಂದ ಅನ್ನಿಸುತ್ತದೆ.