ಗ್ರಾಫಿಕ್ಸ್ ಕಾರ್ಡ್‌ಗೆ ದುಡ್ಡು ಹಾಕುವ ಮುನ್ನ ಎಸ್‌ಎಂಪಿಎಸ್‌ನ ಚೀಟಿ ಓದಿ

ಬಳ್ಳಾರಿಯ ಮದುವೆ ವಿಡಿಯೊ ಸ್ಟುಡಿಯೊದವರು, ಕೊಪ್ಪಳದ ಫ್ಲೆಕ್ಸ್ ಅಂಗಡಿಯವರು, ರಾಯಚೂರಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಕೇಳುವುದು ಒಂದೇ ಪ್ರಶ್ನೆ. ಹೊಸ ಸಣ್ಣ ಗ್ರಾಫಿಕ್ಸ್ ಕಾರ್ಡ್‌ಗೆ ಕೊಡುವ ದುಡ್ಡಿಗೆ ಒಂದು ಕಾಲದ ದೊಡ್ಡ ಕಾರ್ಡ್ ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಗುತ್ತದಲ್ಲ, ಅದನ್ನೇ ತೆಗೆದುಕೊಳ್ಳೋಣವೇ? ಇದಕ್ಕೆ ಸಿಗುವ ಹೋಲಿಕೆಗಳೆಲ್ಲ ತಣ್ಣನೆಯ ಕೋಣೆಯಲ್ಲಿ, ಒಳ್ಳೆಯ ಎಸ್‌ಎಂಪಿಎಸ್ (ಕಂಪ್ಯೂಟರ್‌ಗೆ ಕರೆಂಟು ಹಂಚುವ ಪವರ್ ಸಪ್ಲೈ ಡಬ್ಬಿ) ಮೇಲೆ ನಡೆದವು. ನಮ್ಮ ಕಡೆ ಏಪ್ರಿಲ್ ಬಂದರೆ ಬಿಸಿಲು 40 ಡಿಗ್ರಿ ದಾಟುತ್ತದೆ, ಕರೆಂಟು ಹೋಗಿ ಬಂದು ಮಾಡುತ್ತದೆ, ಕಿಟಕಿ ತೆರೆದರೆ ಧೂಳು. ಇಲ್ಲಿ ಲೆಕ್ಕವೇ ಬೇರೆ.

ಹಳೆಯ ದೊಡ್ಡ ಕಾರ್ಡ್‌ಗಳ ಮೇಲಿನ ಆಸೆ ಸುಳ್ಳಲ್ಲ. 2017ರ ಮಾರ್ಚ್‌ನಲ್ಲಿ ಬಂದ ಜಿಟಿಎಕ್ಸ್ 1080 ಟಿಐಗೆ 11 ಜಿಬಿ ಮೆಮೊರಿ ಇದೆ. ಸಾಮಾನ್ಯ ಆಟಗಳಲ್ಲಿ ಅದು ಇಂದಿಗೂ ಆರ್‌ಟಿಎಕ್ಸ್ 3060ರ ಆಸುಪಾಸಿನಲ್ಲೇ ನಿಲ್ಲುತ್ತದೆ. 2020ರ ಆರ್‌ಟಿಎಕ್ಸ್ 3080 ಬರೀ ವೇಗದಲ್ಲಿ ಹೊಸ ಸಣ್ಣ ಕಾರ್ಡ್‌ಗಳಾದ 4060, 5060 ಎರಡನ್ನೂ ಹಿಂದೆ ಹಾಕುತ್ತದೆ. ಆದರೂ 1080 ಟಿಐ ಬೇಡ ಎಂದೇ ಹೇಳುತ್ತೇನೆ. ಆ ಪೀಳಿಗೆಗೆ ಹೊಸ ಆಟಗಳ ಡ್ರೈವರ್ ಬರುವುದು 2025ರ ಅಕ್ಟೋಬರ್‌ಗೆ ನಿಂತಿತು. ಇನ್ನು 2028ರ ಅಕ್ಟೋಬರ್‌ವರೆಗೆ ಬರುವುದು ಭದ್ರತೆಯ ಅಪ್‌ಡೇಟ್ ಮಾತ್ರ. ಈ ಕಾರ್ಡ್‌ಗಳ ಕಂಪನಿ ಎನ್‌ವಿಡಿಯಾ, ಎಐ ಲೆಕ್ಕಗಳನ್ನು ಕಾರ್ಡ್ ಮೇಲೆ ಓಡಿಸುವ ತನ್ನ ಸಾಫ್ಟ್‌ವೇರ್ ಕುಡಾದ 13ನೇ ಆವೃತ್ತಿಯಲ್ಲಿ ಅದನ್ನು ಕೈಬಿಟ್ಟಿದೆ, ಹಾಗಾಗಿ ಎಐ ಕಲಿಯುವ ವಿದ್ಯಾರ್ಥಿಗೂ ಅದು ಮುಂದೆ ಉಪಯೋಗಕ್ಕೆ ಬಾರದು. ರೇ ಟ್ರೇಸಿಂಗ್ (ಬೆಳಕು ನೆರಳನ್ನು ನೈಜವಾಗಿ ಲೆಕ್ಕಹಾಕುವ) ಹಾರ್ಡ್‌ವೇರ್ ಇಲ್ಲದಿದ್ದರೆ ತೆರೆಯದ ದೊಡ್ಡ ಆಟಗಳೂ ಬಂದಿವೆ. ಹಾಗಾಗಿ ನಿಜವಾದ ಪೈಪೋಟಿ ಹಳೆಯ 2080 ಟಿಐ, 3080 ಒಂದು ಕಡೆ, ಹೊಸ 4060, 5050, 5060 ಇನ್ನೊಂದು ಕಡೆ.

ಈಗ ಕ್ಯಾಬಿನೆಟ್‌ನ ಪಕ್ಕದ ತಗಡು ಬಿಚ್ಚಿ, ಎಸ್‌ಎಂಪಿಎಸ್‌ಗೆ ಅಂಟಿಸಿದ ಚೀಟಿ ನೋಡಿ. ಮೇಲೆ ದೊಡ್ಡದಾಗಿ 450 ವ್ಯಾಟ್ ಎಂದಿರುತ್ತದೆ. ಅದನ್ನು ಬಿಡಿ. ಕೆಳಗಿನ ಪಟ್ಟಿಯಲ್ಲಿ +12 ವೋಲ್ಟ್ ಎಂಬ ಕಾಲಂ ಇದೆ, ಅದರ ಕೆಳಗಿನ ಆಂಪಿಯರ್ ಅಂಕಿಯೇ ನಿಜವಾದ ಶಕ್ತಿ. ಅಲ್ಲಿ 18 ಎಂದಿದ್ದರೆ 12 ಗುಣಿಸು 18, ಅಂದರೆ 216 ವ್ಯಾಟ್. ಪ್ರೊಸೆಸರ್, ಫ್ಯಾನು, ಡಿಸ್ಕ್‌ಗಳಿಗೆ 100 ವ್ಯಾಟ್ ಬಿಟ್ಟರೆ ಕಾರ್ಡ್‌ಗೆ ಉಳಿಯುವುದು 116. 4060 ಕೇಳುವುದು 115 ವ್ಯಾಟ್, ಅದಕ್ಕೇ ಇದು ಕತ್ತಿನವರೆಗೆ ಬಂದಂತೆ. 3080 ಕೇಳುವುದು 320, ಜೊತೆಗೆ ಕ್ಷಣಮಾತ್ರ ಅದಕ್ಕಿಂತ ಬಹಳ ಮೇಲೆ ಜಿಗಿಯುತ್ತದೆ. ಕಂಪನಿ ಹೇಳುವಂತೆ ಅದಕ್ಕೆ 750 ವ್ಯಾಟ್‌ನ ಎಸ್‌ಎಂಪಿಎಸ್ ಬೇಕು, 2080 ಟಿಐಗೆ 650, 4060 ಮತ್ತು 5060ಕ್ಕೆ 550. ಆನೆ ತರುವವರು ಮೇವಿನ ಲೆಕ್ಕವನ್ನೂ ಹಾಕಬೇಕು: ಹಳೆಯ ಕಾರ್ಡ್‌ನ ಬೆಲೆಗೆ ಒಳ್ಳೆಯ ಎಸ್‌ಎಂಪಿಎಸ್‌ನ ಬೆಲೆ ಸೇರಿಸಿಯೇ ಹೊಸ ಕಾರ್ಡ್‌ನ ಜೊತೆ ಹೋಲಿಸಿ. ಎಸ್‌ಎಂಪಿಎಸ್‌ನಲ್ಲಿ ಕಾರ್ಡ್‌ಗೆ ಬೇಕಾದ 8 ಪಿನ್ ವೈರ್ ಇಲ್ಲವೆಂದು, ಹಳೆಯ ಡಿಸ್ಕ್‌ಗಳ ನಾಲ್ಕು ಪಿನ್ ವೈರ್‌ನಿಂದ ಕರೆಂಟು ಎಳೆಯುವ ಮೋಲೆಕ್ಸ್ ಕನ್ವರ್ಟರ್ ಹಾಕಿಕೊಡುವವರಿದ್ದಾರೆ. ದಯವಿಟ್ಟು ಒಪ್ಪಬೇಡಿ. ಆ ಪಿನ್‌ಗಳು ಅಷ್ಟು ಕರೆಂಟು ಹೊರಲಾರದೆ ಮೊದಲು ಹಳದಿ ವೈರ್‌ನ ಬುಡ ಕಪ್ಪಾಗುತ್ತದೆ, ಆಮೇಲೆ ಪ್ಲಾಸ್ಟಿಕ್ ಕರಗುತ್ತದೆ.

ಯುಪಿಎಸ್‌ನದೂ ಇದೇ ಕಥೆ. ಮನೆಗಳಲ್ಲಿರುವ 600 ವಿಎ ಯುಪಿಎಸ್ ಸಾಮಾನ್ಯವಾಗಿ 360 ವ್ಯಾಟ್ ಹೊರುತ್ತದೆ. ರೆಂಡರ್ ನಡೆಯುವಾಗ ಕರೆಂಟು ಹೋದರೆ 3080 ಇರುವ ಮಷಿನ್ ಜೊತೆಗೆ ಮಾನಿಟರ್ ಅದನ್ನು ದಾಟಿಬಿಡುತ್ತವೆ. ಯುಪಿಎಸ್ ಒಮ್ಮೆ ಚೀರಿ ಆಫ್ ಆಗುತ್ತದೆ, ಎರಡು ತಾಸಿನ ಕೆಲಸ ಹೋಗುತ್ತದೆ. ಮನೆ ಇನ್ವರ್ಟರ್ ಮೇಲೆ ಓಡಿಸುವವರು ಅದು ಸೈನ್ ವೇವೋ ಸ್ಕ್ವೇರ್ ವೇವೋ ನೋಡಿಕೊಳ್ಳಿ. ಒಳ್ಳೆಯ ಎಸ್‌ಎಂಪಿಎಸ್‌ಗಳಲ್ಲಿ ಇರುವ ಆಕ್ಟಿವ್ ಪಿಎಫ್‌ಸಿ ಎಂಬ, ಕರೆಂಟನ್ನು ಹದವಾಗಿ ಎಳೆಯುವ ಸರ್ಕ್ಯೂಟ್, ಸ್ಕ್ವೇರ್ ವೇವ್ ಕರೆಂಟಿಗೆ ಹೊಂದಿಕೊಳ್ಳದೆ ಮಷಿನ್ ಆಫ್ ಆಗಬಹುದು.

ಬಿಸಿಯ ಲೆಕ್ಕ ಇನ್ನೂ ಸುಲಭ. 25 ಡಿಗ್ರಿಯ ಕೋಣೆಯಲ್ಲಿ 72 ಡಿಗ್ರಿಗೆ ನಿಲ್ಲುವ ಕಾರ್ಡ್, 40 ಡಿಗ್ರಿಯ ಕೋಣೆಯಲ್ಲಿ 87ಕ್ಕೆ ಹೋಗುತ್ತದೆ. ಕೋಣೆ ಏರಿದಷ್ಟೇ ಅದೂ ಏರುತ್ತದೆ. ಆ ಆಸುಪಾಸಿನಲ್ಲಿ ಕಾರ್ಡ್ ತಾನಾಗಿಯೇ ವೇಗ ಇಳಿಸಿಕೊಳ್ಳುತ್ತದೆ, ಅಂದರೆ ದೊಡ್ಡ ಕಾರ್ಡ್‌ಗೆ ಕೊಟ್ಟ ದುಡ್ಡಿನ ಒಂದು ಪಾಲು ಬೇಸಿಗೆ ಪೂರ್ತಿ ಸುಮ್ಮನೆ ಕೂರುತ್ತದೆ. 320 ವ್ಯಾಟ್ ಕುಡಿದ ಕಾರ್ಡ್ ಅಷ್ಟನ್ನೂ ಬಿಸಿಯಾಗಿ ಕೋಣೆಗೇ ಉಗುಳುತ್ತದೆ. ಇದಕ್ಕೆಂದು ಏರ್ ಕೂಲರ್ ಅನ್ನು ಸಿಪಿಯು ಎದುರಿಗೇ ಇಡುವ ರೂಢಿ ಇದೆ. ಅದು ತಪ್ಪು. ತೇವದ ಗಾಳಿಗೆ ಧೂಳು ಸೇರಿ ಹೀಟ್‌ಸಿಂಕ್‌ನ ರೆಕ್ಕೆಗಳ ಸಂದಿಯಲ್ಲಿ ಒಣಗಿದ ಕೆಸರಿನಂತೆ ಗಟ್ಟಿಯಾಗುತ್ತದೆ, ಬ್ಲೋವರ್ ಹೊಡೆದರೂ ಏಳುವುದಿಲ್ಲ, ಬ್ರಷ್ ಹಿಡಿಯಬೇಕು. ಸಂಡೂರು, ತೋರಣಗಲ್ಲು ಕಡೆಯ ಕೆಂಪು ಧೂಳಾಗಲಿ, ಗಿಣಿಗೇರಾ ಕಡೆಯ ಸ್ಪಾಂಜ್ ಐರನ್ ಕಾರ್ಖಾನೆಗಳ ಕಪ್ಪು ಪುಡಿಯಾಗಲಿ ಬೀಳುವ ಊರಲ್ಲಿ ತಿಂಗಳಿಗೊಮ್ಮೆ ಗಾಳಿ ಹೊಡೆಯಲೇಬೇಕು. ಸ್ಪಾಂಜ್ ಐರನ್ ಪುಡಿಯಲ್ಲಿ ಲೋಹವೇ ಇರುವುದರಿಂದ ಬೋರ್ಡಿನ ಮೇಲೆ ಶಾರ್ಟ್ ಆಗುವ ಭಯವೂ ಉಂಟು. ಗಾಳಿ ಹೊಡೆಯುವಾಗ ಫ್ಯಾನ್‌ನ ರೆಕ್ಕೆಯನ್ನು ಬೆರಳಲ್ಲಿ ಹಿಡಿದುಕೊಳ್ಳಿ, ಗಿರ್ರನೆ ತಿರುಗಲು ಬಿಟ್ಟರೆ ಬೇರಿಂಗ್ ಹಾಳಾಗುತ್ತದೆ.

ಕರೆಂಟ್ ಬಿಲ್ ಬಗ್ಗೆ ಒಂದು ಮಾತು. 3080 ಮತ್ತು 5060ರ ನಡುವಿನ ಅಂತರ 175 ವ್ಯಾಟ್. ದಿನಕ್ಕೆ 6 ತಾಸು ಪೂರ್ತಿ ಲೋಡ್‌ನಲ್ಲಿ ಓಡಿಸಿದರೆ ತಿಂಗಳಿಗೆ 31.5 ಯೂನಿಟ್ ಹೆಚ್ಚು. ಗೃಹಜ್ಯೋತಿಯಲ್ಲಿ ತಿಂಗಳ ಬಳಕೆ 180ರ ಹತ್ತಿರ ಇರುವ ಮನೆ ಇದರಿಂದಲೇ 200 ದಾಟಬಹುದು, ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು.

ಹಾಗೆಂದು ಹೊಸದೆಲ್ಲ ಒಳ್ಳೆಯದಲ್ಲ. ಆರ್‌ಎಕ್ಸ್ 6500 ಎಕ್ಸ್‌ಟಿಯಂಥ 4 ಜಿಬಿ ಕಾರ್ಡ್‌ಗೆ ಪಿಸಿಐಇ ಲೇನ್ (ಬೋರ್ಡ್ ಜೊತೆ ಡೇಟಾ ಸಾಗುವ ದಾರಿ) ಇರುವುದು ನಾಲ್ಕೇ. ಪಿಸಿಐಇ 3.0 ಇರುವ ಹಳೆಯ ಬೋರ್ಡ್‌ಗೆ ಹಾಕಿದರೆ ಮೆಮೊರಿ ತುಂಬಿದ ಕೂಡಲೇ ಆಟ ತಡವರಿಸುತ್ತದೆ. ಆ ಕಾರ್ಡ್‌ನಲ್ಲಿ ವಿಡಿಯೊ ಎನ್‌ಕೋಡರ್ (ವಿಡಿಯೊ ಕುಗ್ಗಿಸಿ ಉಳಿಸುವ ಭಾಗ) ಇಲ್ಲವೇ ಇಲ್ಲ, ಎಡಿಟಿಂಗ್‌ನವರು ಅದರ ಹತ್ತಿರವೂ ಹೋಗಬಾರದು. ಇಂಟೆಲ್ ಆರ್ಕ್ ಬಿ580ಗೆ 12 ಜಿಬಿ ಇದ್ದರೂ ಬೋರ್ಡ್‌ನಲ್ಲಿ ರೀಸೈಜಬಲ್ ಬಾರ್ (ಪ್ರೊಸೆಸರ್ ಕಾರ್ಡ್‌ನ ಪೂರ್ತಿ ಮೆಮೊರಿಯನ್ನು ಒಮ್ಮೆಗೇ ತಲುಪುವ ಸೌಲಭ್ಯ) ಇಲ್ಲದಿದ್ದರೆ ಬಹಳ ಸೋಲುತ್ತದೆ. 4060, 5060 ಎಂಟು ಲೇನ್‌ನವು, ಹಳೆಯ ಬೋರ್ಡ್‌ನಲ್ಲೂ ನಷ್ಟ ಅಲ್ಪ. ಕಂಪನಿಗಳಿಂದ ಬಿಡುಗಡೆಯಾಗಿ ಬಂದ ಸೆಕೆಂಡ್ ಹ್ಯಾಂಡ್ ಆಫೀಸ್ ಮಷಿನ್ ಇದ್ದವರಿಗೆ ಚರ್ಚೆಯೇ ಇಲ್ಲ: ಹೆಚ್ಚುವರಿ ವೈರ್ ಬೇಡದ, 70 ವ್ಯಾಟ್‌ನ ಆರ್‌ಟಿಎಕ್ಸ್ 3050 6 ಜಿಬಿ.

ಸ್ಟುಡಿಯೊದವರಿಗೆ ಹೊಸ ಕಾರ್ಡ್ ಕೊಳ್ಳಲು ಇನ್ನೊಂದು ಗಟ್ಟಿ ಕಾರಣವಿದೆ. ಈಗಿನ ಕ್ಯಾಮೆರಾಗಳು ಬಣ್ಣದ ವಿವರ ಹೆಚ್ಚು ಉಳಿಸುವ 10 ಬಿಟ್ 4:2:2ರಲ್ಲಿ ರೆಕಾರ್ಡ್ ಮಾಡುತ್ತವೆ. ಎನ್‌ವಿಡಿಯಾದಲ್ಲಿ ಅದನ್ನು ಹಾರ್ಡ್‌ವೇರ್‌ನಲ್ಲೇ ಬಿಡಿಸುವ ಸೌಲಭ್ಯ ಬಂದಿದ್ದು 50ನೇ ಸರಣಿಯಿಂದ. 3080 ಎಷ್ಟೇ ಬಲಶಾಲಿಯಾದರೂ ಟೈಮ್‌ಲೈನ್ ಎಳೆಯುವಾಗ ಭಾರ ಪ್ರೊಸೆಸರ್ ಮೇಲೆ ಬಿದ್ದು ಚಿತ್ರ ನಿಂತು ನಿಂತು ಓಡುತ್ತದೆ. 5050, 5060ರಲ್ಲಿ ಅದು ಸರಾಗ. ಎಡಿಟಿಂಗ್ ಸಾಫ್ಟ್‌ವೇರ್ ಹೊಸ ಆವೃತ್ತಿಯದಾಗಿರಬೇಕು, ಅಷ್ಟೆ. ಜಿಎಸ್‌ಟಿ ನೋಂದಣಿ ಇದ್ದ ಅಂಗಡಿಗೆ ಹೊಸ ಕಾರ್ಡ್‌ನ ಶೇ. 18ರ ತೆರಿಗೆ ಇನ್‌ಪುಟ್ ಆಗಿ ಸಿಗುತ್ತದೆ, ಬಿಲ್ ಇಲ್ಲದ ಹಳೆಯದರಲ್ಲಿ ಅದೂ ಇಲ್ಲ.

ಇಷ್ಟರ ಮೇಲೂ ಒಳ್ಳೆಯ ಎಸ್‌ಎಂಪಿಎಸ್ ಇದೆ, ಎಸಿ ಕೋಣೆ ಇದೆ, ದೊಡ್ಡ ಮಾನಿಟರ್‌ನಲ್ಲಿ ಆಟವೇ ಮುಖ್ಯ ಎನ್ನುವವರಿಗೆ 3080 ಒಳ್ಳೆಯ ಆಯ್ಕೆಯೇ. ಬೆಂಗಳೂರಿನ ಎಸ್‌.ಪಿ. ರೋಡಿಗೋ ಸಿಕಂದರಾಬಾದಿನ ಕಂಪ್ಯೂಟರ್ ಮಾರುಕಟ್ಟೆ ಸಿಟಿಸಿಗೋ ಹೋಗುವಾಗ ಪೆನ್‌ಡ್ರೈವ್‌ನಲ್ಲಿ ಜಿಪಿಯು-ಝಡ್, ಎಚ್‌ಡಬ್ಲ್ಯುಇನ್ಫೊ, ಒಸಿಸಿಟಿ ಎಂಬ ಕಾರ್ಡ್ ಪರೀಕ್ಷಿಸುವ ಸಾಫ್ಟ್‌ವೇರ್ ಹಾಕಿಕೊಂಡು ಹೋಗಿ. ಕಾರ್ಡ್ ಕೈಗೆ ಬಂದೊಡನೆ ಟಾರ್ಚ್ ಬಿಟ್ಟು ನೋಡಿ. ಬ್ರ್ಯಾಕೆಟ್‌ಗೆ ತುಕ್ಕು ಹಿಡಿದಿದ್ದರೆ ಅದು ಕರಾವಳಿಯ ಗಾಳಿಯಲ್ಲಿ ಇದ್ದಿರಬಹುದು. ಚಿಪ್‌ನ ಸುತ್ತ ಕಂದು ಅಂಟು ಕಂಡರೆ ಹೀಟ್ ಗನ್ ಹಿಡಿದಿದ್ದಾರೆ, ಅಂಥ ರಿಪೇರಿ ಹೆಚ್ಚು ದಿನ ಬಾಳದು. ಫ್ಯಾನನ್ನು ಬೆರಳಲ್ಲಿ ತಿರುಗಿಸಿ, ಮರಳು ಸಿಕ್ಕಂತೆ ಕರಕರ ಎಂದರೆ ಬೇರಿಂಗ್ ಸವೆದಿದೆ. 2022ರ ಸೆಪ್ಟೆಂಬರ್‌ನಲ್ಲಿ ಇಥೀರಿಯಂ ಮೈನಿಂಗ್ ನಿಂತಾಗ ಮಾರುಕಟ್ಟೆಗೆ ಸುರಿದ ಕಾರ್ಡ್‌ಗಳಲ್ಲಿ ಇದು ಸಾಮಾನ್ಯ.

ಆಮೇಲೆ, 10 ಜಿಬಿಯ 3080 ಆದರೆ, ಜಿಪಿಯು-ಝಡ್‌ನಲ್ಲಿ 320 ಬಿಟ್, 10240 ಎಂಬಿ ಇದೆಯೇ ನೋಡಿ. ಹೆಸರಿನ ಮುಂದೆ ಫೇಕ್ ಎಂದು ಬಂದರೆ ಎದ್ದು ಬನ್ನಿ. ಒಸಿಸಿಟಿಯಲ್ಲಿ ಮೆಮೊರಿ ಪರೀಕ್ಷೆ 15 ನಿಮಿಷ ಓಡಿಸಿ, ಒಂದು ಎರರ್ ಬಂದರೂ ಬೇಡ. ಎಚ್‌ಡಬ್ಲ್ಯುಇನ್ಫೊದಲ್ಲಿ ನೋಡಿದಾಗ, ಲೋಡ್‌ನಲ್ಲಿ ಹಾಟ್ ಸ್ಪಾಟ್‌ಗೂ (ಚಿಪ್‌ನ ಅತಿ ಬಿಸಿ ಜಾಗ) ಕೋರ್‌ಗೂ ಅಂತರ 15 ಡಿಗ್ರಿ ಸುತ್ತಮುತ್ತ ಇದ್ದರೆ ಸರಿ, 30 ಆದರೆ ಚಿಪ್‌ಗೂ ಹೀಟ್‌ಸಿಂಕ್‌ಗೂ ನಡುವಿನ ಪೇಸ್ಟ್ ಒಣಗಿದೆ. ಮೆಮೊರಿ ಜಂಕ್ಷನ್ (ಮೆಮೊರಿ ಚಿಪ್‌ನ ಒಳಗಿನ ಬಿಸಿ) 110 ಡಿಗ್ರಿ ಮುಟ್ಟಿದರೆ, ಆ ಬಿಸಿಯನ್ನು ಹೀಟ್‌ಸಿಂಕ್‌ಗೆ ಒಯ್ಯುವ ಥರ್ಮಲ್ ಪ್ಯಾಡ್ ಸತ್ತಿವೆ. ಈ ಎರಡೂ ಸರಿಮಾಡಬಹುದಾದ ದೋಷಗಳು, ಬೆಲೆ ಇಳಿಸಲು ಬಳಸಿಕೊಳ್ಳಿ.

ತಂದ ಮೇಲೆ ಆಫ್ಟರ್‌ಬರ್ನರ್ ಎಂಬ ಸಾಫ್ಟ್‌ವೇರ್‌ನಲ್ಲಿ ಪವರ್ ಲಿಮಿಟ್ ಅನ್ನು ಶೇ. 75ಕ್ಕೆ ಇಳಿಸಿ. 320 ವ್ಯಾಟ್ 240 ಆಗುತ್ತದೆ, ವೇಗ ಇಳಿಯುವುದು ಸುಮಾರಾಗಿ ಶೇ. 10ರೊಳಗೆ. ಪ್ಯಾಡ್ ಬದಲಿಸುವಾಗ ಹಳೆಯದರ ದಪ್ಪವನ್ನು, ಒತ್ತಿ ಹೋಗದ ಅಂಚಿನಲ್ಲಿ, ಅಳೆದು ಅದೇ ದಪ್ಪದ್ದನ್ನೇ ಹಾಕಿ. 1.5 ಮಿ.ಮೀ. ಇದ್ದಲ್ಲಿ 2 ಮಿ.ಮೀ. ಹಾಕಿದರೆ ಹೀಟ್‌ಸಿಂಕ್ ಮೇಲೆದ್ದು ಚಿಪ್‌ಗೆ ತಾಗದೇ ಹೋಗುತ್ತದೆ. ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿದು, ಮಷಿನ್ ಹಚ್ಚಿ, ಮತ್ತೊಮ್ಮೆ ಹಾಟ್ ಸ್ಪಾಟ್ ನೋಡಿ. ಅಂತರ ಮೊದಲಿಗಿಂತ ಹೆಚ್ಚಾಗಿದ್ದರೆ ಪ್ಯಾಡ್ ದಪ್ಪವಾಗಿದೆ, ಓಡಿಸುತ್ತಾ ಕೂರದೆ ಆಗಲೇ ಬಿಚ್ಚಿ.